ಆರು ವಾರದ ಅಸ್ತರ

ನಿಮಗೂ ಹೀಗೆ ಆಗಿದೆಯಾ? ಅಂಗಡಿಯವರು ಒಂದು ಕೇಳಿರುತ್ತಾರೆ, ನೀವು ಇನ್ನೊಂದಕ್ಕೆ ಉತ್ತರ ಕೊಟ್ಟಿರುತ್ತೀರಿ. ಇಬ್ಬರಿಗೂ ಎಲ್ಲ ತಿಳಿಯಿತು ಅನಿಸಿ, ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿ ಮಾತು ಮುಗಿಸಿರುತ್ತೀರಿ. ಪಾರ್ಸೆಲ್ ಬಿಚ್ಚಿದ ದಿನ ಗೊತ್ತಾಗುತ್ತದೆ, ಅವತ್ತು ಇಬ್ಬರೂ ಆಡಿದ್ದು ಕನ್ನಡವೇ, ಆದರೆ ಒಂದೇ ಕನ್ನಡ ಅಲ್ಲ ಅಂತ. ಆಗಿದ್ದರೆ ಓದಿ. ಆಗಿಲ್ಲದಿದ್ದರೂ ಓದಿ, ನಿಮ್ಮ ಪಾಳಿ ಬಂದೇ ಬರುತ್ತದೆ.

ನನ್ನ ಪೇಜಿನಲ್ಲಿ ಸಾಮಾನ್ಯವಾಗಿ ನಗಿಸುವ ಸಂಗತಿಗಳನ್ನೇ ಬರೆಯುತ್ತೇನೆ. ಇದರಲ್ಲೂ ನಗುವ ಜಾಗಗಳಿವೆ. ನಕ್ಕರೆ ಬೇಜಾರಿಲ್ಲ, ನಾವೂ ಆಗ ನಕ್ಕಿದ್ದೆವು.

ಇದು ಕೌದಿಯ ವಿಷಯ. ಪುಣೆಯಲ್ಲಿ ಗೋಧಡಿ ಅನ್ನುತ್ತಾರೆ. ಕೌದಿ ಹೊದ್ದು ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹಳೆಯ ಸೀರೆ, ಧೋತರ, ಲಂಗ, ಅಂಗಿಗಳ ತುಂಡುಗಳನ್ನು ಜೋಡಿಸಿ ಮೇಲಿನ ಹಾಸು ಮಾಡುತ್ತಾರೆ. ಅದರ ಕೆಳಗೆ ಅಸ್ತರ ಅಂತ ಒಂದು ದೊಡ್ಡ ಬಟ್ಟೆ ಕೊಡುತ್ತಾರೆ. ಆಮೇಲೆ ಅಂಚಿನಿಂದ ಶುರುಮಾಡಿ, ಸುತ್ತುತ್ತ ಸುತ್ತುತ್ತ, ನಡುವಿನವರೆಗೆ ಕೈಯಲ್ಲಿ ಹೊಲಿಗೆ ಹಾಕುತ್ತಾರೆ. ಅಸ್ತರ ಇಲ್ಲದೆ ಕೌದಿ ಇಲ್ಲ, ಬರೀ ಚಿಂದಿ.

ನನ್ನ ಅವ್ವ ಮದುವೆಯಾಗಿ ವಿಜಯಪುರದ ಕಡೆಯಿಂದ ಪುಣೆಗೆ ಬಂದವಳು. ಅಪ್ಪ ಮಾರ್ಕೆಟ್ ಯಾರ್ಡಿನ ಒಂದು ಬೆಲ್ಲದ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಅವರು ಹೋದ ಮೇಲೆ ಅವ್ವ ಧನಕವಡಿಯ ನಮ್ಮ ಫ್ಲ್ಯಾಟಿಗೆ ಬಂದಳು, ಒಂದು ಟ್ರಂಕು ಮತ್ತು ಒಂದು ಸೂಜಿಡಬ್ಬಿ ಹಿಡಿದುಕೊಂಡು. ಅವಳು ಅಕ್ಕನಿಗೆ ಹೊಲಿದಳು, ತಮ್ಮನಿಗೆ ಹೊಲಿದಳು, ಅವರ ಮಕ್ಕಳಿಗೆ ಹೊಲಿದಳು, ಕೆಳಗಿನ ಮನೆಯ ಮರಾಠಿ ಕಾಕೂಗೆ ಎರಡು ಹೊಲಿದುಕೊಟ್ಟಳು. ನನಗೆ ಮಾತ್ರ ಹೊಲಿಯಲಿಲ್ಲ. ತಪ್ಪು ಅವಳದಲ್ಲ. ನನ್ನ ಮದುವೆಯ ಹೊತ್ತಿಗೆ ನಾನೇ ಹೇಳಿದ್ದೆ: "ಕೌದಿ ಬ್ಯಾಡವ್ವ. ಚಿಂದಿ ಹೊತ್ಕೊಂಡ ಬಂದಾಳ ಅಂತ ನಗ್ತಾರ ಅವರ ಮನ್ಯಾಗ. ಒಂದ ಬ್ಲಾಂಕೆಟ್ ಕೊಡಸು." ಅವಳು ಕೊಡಿಸಿದಳು. ಗುಲಾಬಿ ಬಣ್ಣದ್ದು, ಹುಲಿಯ ಚಿತ್ರವಿತ್ತು.

ಹೋದ ವರ್ಷ ಅವ್ವನಿಗೆ ಬದಿಗಿಟ್ಟ ಲೋಟ ಕಾಣದಾಯಿತು. ಎದುರಿಗೆ ಕಾಣುತ್ತಿತ್ತು, ಬದಿಗೆ ಇಲ್ಲ. ಬಾಗಿಲ ಚೌಕಟ್ಟಿಗೆ ಭುಜ ಬಡಿಯುತ್ತಿತ್ತು. ಮೋತಿಬಿಂದು, ಅಂದರೆ ಪೊರೆ ಇರಬೇಕು, ಆಪರೇಷನ್ ಮಾಡಿ ತೆಗೆದರೆ ಆಯಿತು ಅಂದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಬಹಳ ಹೊತ್ತು ನೋಡಿ, ಇದು ಮೋತಿಬಿಂದು ಅಲ್ಲ, ಕಾಚಬಿಂದು, ಗ್ಲಾಕೋಮಾ ಅಂದರು. ಒಂದು ಕಣ್ಣು ಆಗಲೇ ಹೋಗಿದೆ, ಇನ್ನೊಂದು ಹೋಗುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ. ಹನಿ ಹಾಕಿ ಆದಷ್ಟು ದಿನ ಹಿಡಿದುಕೊಳ್ಳುವುದು, ಅಷ್ಟೆ. ಎಷ್ಟು ದಿನ ಅಂತ ಕೇಳಿದೆ. ಹೇಳಲು ಆಗುವುದಿಲ್ಲ ಅಂದರು.

ರಿಕ್ಷಾದಲ್ಲಿ ಬರುವಾಗ ಅವ್ವನನ್ನು ಕೇಳಿದೆ, ಈಗ ಎಷ್ಟು ಕಾಣುತ್ತದೆ ಅಂತ. ಅವಳು ಕೈಯೆತ್ತಿ ಬಳೆ ತೋರಿಸಿದಳು.

"ಇದರೊಳಗಿಂದ ನೋಡಿದಂಗ. ಬಳಿ ಒಳಗ ಎಲ್ಲಾ ಚಲೋ ಕಾಣತದ. ಬಳಿ ಹೊರಗ ಏನೂ ಇಲ್ಲ."

ಸ್ವಲ್ಪ ಹೊತ್ತಿಗೆ ತಾನೇ ಅಂದಳು, "ನಿನಗೊಂದ ಹೊಲದಿಲ್ಲಲ್ಲ ನಾ. ಆ ಹುಲಿ ಬ್ಲಾಂಕೆಟ್ ಹರೀತೋ ಇಲ್ಲೋ?"

"ಎಂದೋ ಹರೀತವ್ವ."

"ಹರೀಲಿ. ಕಣ್ಣ ಇರೂತನಾ ಹೊಲದ ಕೊಡ್ತೀನಿ. ಈ ಸರ್ತಿ ಬ್ಯಾಡ ಅನಬ್ಯಾಡ, ಸೂಜಿ ಚುಚ್ಚತೀನಿ."

ಎರಡು ತಿಂಗಳಲ್ಲಿ ಮೇಲಿನ ಹಾಸು ಸಿದ್ಧವಾಯಿತು. ಕಿಟಕಿಯ ಕೆಳಗೆ ಬಿಸಿಲು ಬೀಳುವ ಕಡೆ ಕೂತು, ತುಂಡನ್ನು ಮುಖದ ಹತ್ತಿರ ಹಿಡಿದು, ಬಳೆಯಷ್ಟೇ ಅಗಲದ ನೋಟದಲ್ಲಿ ಒಂದೊಂದೇ ಮೂಲೆ ಹುಡುಕಿ ಜೋಡಿಸಿದಳು. ಅಕ್ಕನ ಲಂಗ, ತಮ್ಮನ ಶಾಲೆಯ ಅಂಗಿ, ಅವಳ ಇಳಕಲ್ ಸೀರೆಯ ಸೆರಗು. ನಡುವೆ ಅಂಗೈಯಗಲ ಒಂದು ಚೌಕ ಖಾಲಿ ಬಿಟ್ಟಳು. ಅದಕ್ಕೆ ನಮ್ಮಲ್ಲಿ ಹೊಟ್ಟೆ ಅನ್ನುತ್ತಾರೆ. ಹೊಲಿಗೆಯೆಲ್ಲ ಸುತ್ತಿ ಬಂದ ಮೇಲೆ, ಕಟ್ಟಕಡೆಗೆ, ಆ ಹೊಟ್ಟೆಯಲ್ಲಿ ಒಂದು ಚೂರು ರೊಟ್ಟಿ ಇಟ್ಟು ಮೇಲೆ ಬಟ್ಟೆ ಮುಚ್ಚಿ ಹೊಲಿಯಬೇಕು. ಆ ಬಟ್ಟೆ ಹೊಸದಾಗಿರಬಾರದು, ಮನೆಯವರು ಯಾರೋ ಮೈಮೇಲೆ ಹಾಕಿದ್ದೇ ಆಗಬೇಕು. ಕೌದಿಯ ಹೊಟ್ಟೆ ತುಂಬಿದರೆ ಹೊದ್ದವರ ಹೊಟ್ಟೆ ತುಂಬಿರುತ್ತದೆ. ಹೊಟ್ಟೆ ತೆರೆದ ಕೌದಿಯನ್ನು ಮನೆಯಲ್ಲಿ ಹೆಚ್ಚು ದಿನ ಇಡಬಾರದು. ನನ್ನ ಕೌದಿಯ ಹೊಟ್ಟೆಗೆ ಅವ್ವ ಅಪ್ಪನ ಧೋತರದ ಒಂದು ತುಂಡು ಎತ್ತಿಟ್ಟಿದ್ದಳು. ಅದನ್ನು ತನ್ನ ಕೈಯಿಂದ, ತನ್ನ ಕಣ್ಣಿಂದ ನೋಡಿ ಮುಚ್ಚಬೇಕು ಅನ್ನುವುದೊಂದೇ ಆಗ ಅವಳ ತಲೆಯಲ್ಲಿದ್ದದ್ದು.

ಇನ್ನು ಅಸ್ತರ. ಅಸ್ತರಕ್ಕೆ ಹಳೆಯ ನೂಲಿನ ಸೀರೆ ಬೇಕು. ಹತ್ತಾರು ಸಲ ಒಗೆದು ಮೆತ್ತಗಾದದ್ದು, ಸೂಜಿ ನೀರಿಗೆ ಹೋದಂತೆ ಹೋಗಬೇಕು. ಅವ್ವನ ಟ್ರಂಕಿನಲ್ಲಿ ಅಂಥವು ಐದೋ ಆರೋ ಇದ್ದವು. ಇದ್ದವು. ನಾನು ದೀಪಾವಳಿಗೆ ಮನೆ ಚೊಕ್ಕ ಮಾಡುವ ಹುರುಪಿನಲ್ಲಿ ಅವನ್ನೆಲ್ಲ ಭಾಂಡೇವಾಲಿಗೆ ಕೊಟ್ಟುಬಿಟ್ಟಿದ್ದೆ. ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡಲು ಓಣಿಯಲ್ಲಿ ಕೂಗುತ್ತ ಬರುತ್ತಾಳಲ್ಲ, ಅವಳಿಗೆ. ಬದಲಿಗೆ ಒಂದು ಡಬ್ಬಿ ಬಂತು. ಅದರ ಮುಚ್ಚಳ ಇವತ್ತಿಗೂ ಸರಿಯಾಗಿ ಕೂರುವುದಿಲ್ಲ.

ಅವ್ವ ಬೈಯಲಿಲ್ಲ. "ಹೋಗ್ಲಿ ಬಿಡು. ನಿನ್ನ ಹಳೇ ಚಾದರ ಯಾವುದರ ಕೊಡು, ಅದನ್ನ ಅಸ್ತರ ಮಾಡ್ತೀನಿ" ಅಂದಳು.

ಇಲ್ಲಿ ನಾನು ಸುಳ್ಳು ಹೇಳುವುದಿಲ್ಲ. ಚಾದರ ಇತ್ತು. ಕಪಾಟಿನಲ್ಲೇ ಇತ್ತು. ಕೊಟ್ಟಿದ್ದರೆ ಅವತ್ತೇ ಹೊಲಿಗೆ ಶುರುವಾಗುತ್ತಿತ್ತು. ಆದರೆ ನಾನು ಆಗಲೇ ತಲೆಯಲ್ಲಿ ಪೋಸ್ಟ್ ಬರೆದುಕೊಂಡಿದ್ದೆ. ಅವ್ವ ಹೊಲಿಯುವ ಫೋಟೋ, ಕೌದಿ ಮಗುಚಿ ಹಿಡಿದ ಫೋಟೋ. ಹಿಂದೆ ಬಣ್ಣ ಹೋದ ಕಾರ್ಟೂನು ಚಾದರ ಕಾಣಿಸಿದರೆ ಹೇಗೆ?

"ಇಲ್ಲವ್ವ, ಚಲೋ ಕೈಮಗ್ಗದ ಬಟ್ಟಿ ತರಸ್ತೀನಿ. ಈಗೆಲ್ಲಾ ಆನ್‌ಲೈನ್ ಸಿಗತದ."

"ಮುಟ್ಟದ ಹ್ಯಾಂಗ ತಗೋತಿ?"

"ರಿವ್ಯೂ ನೋಡತೀನಿ."

"ಯಾರದೋ ಕೈ ಮುಟ್ಟಿದ್ದು ನಿನಗ ಹ್ಯಾಂಗ ತಿಳೀತದ?"

ಕೌದಿ ಸಾಮಾನು ಮಾರುವ ಯಾವ ಆನ್‌ಲೈನ್ ಅಂಗಡಿಯೂ ಅದನ್ನು ಹೇಳುವುದಿಲ್ಲ. ನಾನು ಹತ್ತು ಅಂಗಡಿ ತಡಕಾಡಿದೆ. ಕಾಟನ್ ಅಂತ ಒತ್ತಿದರೆ 'ಕಾಟನ್ ಫೀಲ್' ಬರುತ್ತದೆ. ಫೀಲ್ ಅಂದರೆ ಏನು, ಬಟ್ಟೆ ತನ್ನನ್ನು ತಾನು ಕಾಟನ್ ಅಂದುಕೊಂಡಿದೆ ಅಂತಲಾ? ದೊಡ್ಡ ಕಣ್ಣಿನ ಸೂಜಿ ಬೇಕು ಅಂದರೆ ಮೆಷಿನ್ನಿನ ಸೂಜಿ ಕಳಿಸುತ್ತಾರೆ. ಬಣ್ಣ ಫೋನಿನಲ್ಲಿ ಒಂದು, ಕೈಯಲ್ಲಿ ಇನ್ನೊಂದು. ಅಳತೆಯನ್ನು ಎಲ್ಲೋ ಕೆಳಗೆ ಇರುವೆ ಅಕ್ಷರದಲ್ಲಿ ಬರೆದಿರುತ್ತಾರೆ. ನಮ್ಮಂಥವರಿಗೆ ಬೇಕಾದದ್ದು ಬಹಳ ಏನಿಲ್ಲ. ಗಂಜಿ ಎಷ್ಟು ಹಾಕಿದ್ದೀರಿ ಹೇಳಿ. ಬೆವರು ಕುಡಿಯುತ್ತದೋ ಇಲ್ಲವೋ ಹೇಳಿ. ಬಿಸಿಲಲ್ಲಿ ಹಿಡಿದು ಒಂದು ಫೋಟೋ ತೆಗೆಯಿರಿ. ಹತ್ತಿಪ್ಪತ್ತು ಒಗೆತ ಕಂಡ ಬಟ್ಟೆ ಇದ್ದರೆ ಅದನ್ನೇ ಕೊಡಿ. ಅದಕ್ಕೆ ಯಾವ ಅಂಗಡಿಯಲ್ಲೂ ಬಟನ್ ಇಲ್ಲ, ಎಲ್ಲರೂ ಹೊಸದನ್ನೇ ಮಾರುತ್ತಾರೆ.

ಮೊದಲು ತರಿಸಿದ ಬಟ್ಟೆಯನ್ನು ಅವ್ವ ಎರಡು ಬೆರಳಲ್ಲಿ ಹಿಡಿದು ವಾಪಸ್ ಕೊಟ್ಟಳು. "ಇದನ್ನ ಹೊದ್ಕೊಂಡ್ರ ಚುರುಚುರು ಅಂತದ." ಎರಡನೆಯದನ್ನು ನೆನೆಸಿದರೆ ಬಕೆಟ್ ತುಂಬ ನೀಲಿ ನೀರು. ಎರಡೂ ಸೇರಿ ಮೂರು ವಾರ ಹೋಯಿತು.

ಮೂರನೆಯ ಅಂಗಡಿ ಬೆಂಗಳೂರಿನ ಕಡೆಯದು. ಕೈಮಗ್ಗದ ತೆಳು ನೂಲಿನ ಬಟ್ಟೆ, ಗಂಜಿ ಇಲ್ಲ ಅಂತ ಬರೆದಿದ್ದರು. ಚಾಟ್‌ನಲ್ಲಿ ಮನುಷ್ಯರೇ ಉತ್ತರ ಕೊಡುತ್ತಿದ್ದರು, ಅದೂ ಕನ್ನಡದಲ್ಲಿ. ಒಬ್ಬಳು ಹುಡುಗಿ. ನನಗೆ ಎಷ್ಟು ಖುಷಿಯಾಯಿತು ಅಂದರೆ, ಅವ್ವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಪುಣೆಯಲ್ಲಿ ಇಷ್ಟು ವರ್ಷ ಮರಾಠಿಯಲ್ಲೇ ಬಟ್ಟೆ ಕೊಂಡವರು ನಾವು. ಮೊದಲ ಸಲ ನಮ್ಮ ಭಾಷೆಯಲ್ಲಿ ಕೊಳ್ಳುತ್ತಿದ್ದೇವೆ!

ಹುಡುಗಿ ಬರೆದಳು: "ಆಂಟಿ, ಇದು ರೆಡಿ ಸ್ಟಾಕ್ ಇಲ್ಲ. ಮಗ್ಗದವರಿಂದ ತರಿಸಿಕೊಡ್ತೀವಿ. ಎಷ್ಟು ವಾರ ಇಟ್ಕೊಳ್ಳಲಿ?"

ನಮ್ಮ ಕಡೆ ಬಟ್ಟೆ ಅಳೆಯುವುದು ವಾರದ ಲೆಕ್ಕದಲ್ಲಿ. ಮೂರು ಅಡಿಗೆ ಒಂದು ವಾರ. ಆರು ವಾರದ ಸೀರೆ, ಒಂಬತ್ತು ವಾರದ ಸೀರೆ ಅನ್ನುತ್ತೇವೆ. ಮೀಟರು ಬಂದು ಎಷ್ಟೋ ಕಾಲವಾಯಿತು, ಅವ್ವನ ಬಾಯಿಗೆ ಬಂದಿಲ್ಲ.

"ಎಷ್ಟು ವಾರ ಅಂತ ಕೇಳ್ತಾಳವ್ವ."

ಅವ್ವ ಹಾಸಿನ ಅಂಚಿನ ಮೇಲೆ ಗೇಣು ಹಾಕಿ ಲೆಕ್ಕ ಮಾಡಿದಳು. "ಆರು ವಾರ ಅನ್ನು. ಐದಕ್ಕ ಸಾಲಂಗಿಲ್ಲ, ಅಂಚು ಮಡಚಬೇಕಲ್ಲ."

ನಾನು ಬರೆದೆ: "ಆರು ವಾರ ಬೇಕು."

ಹುಡುಗಿ: "ಅಯ್ಯೋ, ನಾಲ್ಕರಲ್ಲೇ ಆಗ್ತಿತ್ತು ಆಂಟಿ!"

ಓದಿ ಹೇಳಿದೆ. ಅವ್ವನಿಗೆ ರೇಗಿತು. "ನಾಲ್ಕರಾಗ ಹ್ಯಾಂಗ ಆಗತದ? ಕೂಸಿನ ಕೌದಿ ಅಂದ್ಕೊಂಡಾಳೇನು? ಆಕಿ ಎಂದರ ಕೌದಿ ಹೊಲದಾಳೇನ ಕೇಳು. ಆರ ಅಂದ್ರ ಆರ."

"ಇಲ್ಲಮ್ಮ, ನಾಲ್ಕಕ್ಕೆ ಆಗುವುದೇ ಇಲ್ಲ. ಆರೇ ಇರಲಿ" ಅಂತ ಬರೆದೆ.

"ಓಕೆ ಆಂಟಿ, ಆರೇ ನೋಟ್ ಮಾಡ್ಕೊಂಡೆ" ಅಂತ ಬರೆದು, ಹೆಬ್ಬೆರಳು ಎತ್ತಿದ ಚಿತ್ರ ಹಾಕಿ, ಕೊಳ್ಳುವ ಲಿಂಕ್ ಕಳಿಸಿದಳು. ಲಿಂಕಿನಲ್ಲಿ ಎಷ್ಟು ಅನ್ನುವ ಕಡೆ ಒಂದು ಅಂತಿತ್ತು. ಒಂದು ಬಟ್ಟೆ ತಾನೇ ಅಂತ ಒತ್ತಿದೆ. ನಾನೂ ಹೆಬ್ಬೆರಳು ಎತ್ತಿದೆ.

ಒಂದು ವಾರ ಬಿಟ್ಟು ಕೇಳಿದೆ, ಬಟ್ಟೆ ಎಲ್ಲಿಗೆ ಬಂತಮ್ಮ ಅಂತ. "ಇನ್ನೂ ಐದು ವಾರ ಇದೆ ಆಂಟಿ" ಅಂದಳು.

"ಒಂದು ವಾರ ನೇಯ್ದಾರಂತವ್ವ, ಇನ್ನ ಐದು ಉಳದೈತಂತ" ಅಂದೆ.

ಅವ್ವ ಸೂಜಿಡಬ್ಬಿ ಒರೆಸುತ್ತಿದ್ದಳು. "ಏಳು ದಿನಕ್ಕ ಒಂದು ವಾರನ? ಪಾಪ, ಒಬ್ಬಾಂವನ ಕುಂತು ನೇಯಾಕತ್ತಾನೇನೋ. ಮುದುಕ ಇರಬೇಕು."

ಏಳು ದಿನಕ್ಕೆ ಒಂದು ವಾರ. ಈ ಮಾತು ನನ್ನ ಎದುರಿಗೇ ಆಡಿದಳು. ನಾನು ಕೇಳಿಸಿಕೊಂಡು ನಕ್ಕೆ. ಅಷ್ಟಕ್ಕೇ ಬಿಟ್ಟೆ.

ಆಮೇಲೆ ಪ್ರತಿ ಸೋಮವಾರ ಇದೇ. ಇನ್ನೂ ನಾಲ್ಕು ವಾರ ಇದೆ ಆಂಟಿ. ಇನ್ನೂ ಮೂರು ವಾರ ಇದೆ ಆಂಟಿ. ನಾನು ಓದುವುದು, ಅವ್ವ ಆ ಕಾಣದ ನೇಕಾರನನ್ನು ಮಾತಾಡಿಸುವುದು. "ಇವತ್ತ ಲಾಳಿ ಕೈಯಾಗಿಂದ ಬಿತ್ತೇನೋ." "ಹೆಂಡತಿ ಸರಿ ಇಲ್ಲೇನೋ, ಊಟಕ್ಕ ತಡಾ ಮಾಡತಾಳ." ಒಂದು ದಿನ ಅಂದಳು, "ಅವನ ಕಣ್ಣೂ ನನ್ನಂಗ ಆಗ್ಯಾವೇನೋ. ಅವಸರ ಮಾಡಬ್ಯಾಡ ಅನ್ನವಾ ಆ ಹುಡಿಗಿಗೆ." ಕೆಳಗಿನ ಕಾಕೂ ಮೇಲೆ ಬಂದು "ಗೋಧಡಿ ಝಾಲೀ ಕಾ?" ಅಂತ ಕೇಳಿದರೆ, ಆಯಿತಾ ಅಂತ ಕೇಳಿದರೆ, ಅವ್ವ ಮರಾಠಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದಳು: ನನ್ನ ಮಗಳು ಮಗ್ಗಕ್ಕೇ ಹೇಳಿ ನೇಯಿಸುತ್ತಿದ್ದಾಳೆ, ಅರ್ಧ ಆಗಿದೆ.

ಬಟ್ಟೆ ಬೆಳೆಯುತ್ತಿದೆ ಅಂತ ನಾವು ಅಂದುಕೊಂಡಿದ್ದ ಆ ದಿನಗಳಲ್ಲಿ ಅವ್ವನ ಕಣ್ಣು ಕಿರಿದಾಗುತ್ತಿತ್ತು. ಮೂರನೆಯ ಸೋಮವಾರ ಅವಳು ಚಹಾವನ್ನು ಕಪ್ಪಿನ ಪಕ್ಕದಲ್ಲಿ ಸುರಿದಳು. ನಾಲ್ಕನೆಯದಕ್ಕೆ ನಾನು ಮತ್ತೆ ಕೇಳಿದೆ, ಈಗ ಎಷ್ಟು ಕಾಣುತ್ತದೆ ಅಂತ. ಬಳೆ ತೋರಿಸಲಿಲ್ಲ. ಬೆರಳಿನ ಉಂಗುರ ತೋರಿಸಿದಳು. ಆದರೂ ದಿನಾ ಬೆಳಿಗ್ಗೆ ಕಿಟಕಿಯ ಹತ್ತಿರ ಕೂತು ಸೂಜಿಗೆ ದಾರ ಪೋಣಿಸುವ ರೂಢಿ ಮಾಡುತ್ತಿದ್ದಳು. ಪೋಣಿಸುವುದು, ಬಿಚ್ಚುವುದು, ಮತ್ತೆ ಪೋಣಿಸುವುದು.

"ಅವ್ವ, ಚಾದರ ಕೊಡ್ಲೇನು? ಇವತ್ತ ಶುರು ಮಾಡತಿಯೇನು?" ಅಂತ ಒಂದು ಸಲ ನಾನೇ ಕೇಳಿದೆ. ಕೇಳಿದೆ ಅಂತ ಬರೆಯಲು ನನಗೆ ಸ್ವಲ್ಪ ಸಮಾಧಾನ. ಆದರೆ ಅಷ್ಟೊತ್ತಿಗೆ ಅವ್ವನಿಗೇ ಆ ಬಟ್ಟೆಯ ಆಸೆ ಹತ್ತಿತ್ತು.

"ಹುಚ್ಚಿ, ನಾಕು ವಾರ ನೇಯ್ದು ಬಿಟ್ಟಾನ ಅಂವ. ಇನ್ನ ಎರಡ ವಾರಕ್ಕ ಯಾಕ ಅವಸರಾ? ಅಷ್ಟು ಕಷ್ಟಪಟ್ಟಾನ."

ಐದನೆಯ ಸೋಮವಾರ ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ಮಧ್ಯಾಹ್ನದವರೆಗೆ ಪ್ರಯತ್ನ ಮಾಡಿದಳು. ಆಮೇಲೆ ಸೂಜಿ ಡಬ್ಬಿಯಲ್ಲಿಟ್ಟು, "ಇವತ್ತ ಮೋಡ ಹಾಕೇದ, ಬೆಳಕ ಇಲ್ಲ" ಅಂದಳು. ಹೊರಗೆ ಸುಡುಸುಡು ಬಿಸಿಲು.

ಪಾರ್ಸೆಲ್ ಬಂದದ್ದು ಆರು ವಾರ ತುಂಬಿದ ಮರುದಿನ. ವಾಚ್‌ಮನ್ ತಂದುಕೊಟ್ಟ. ಲಗ್ನಪತ್ರಿಕೆ ಬಂದಿರಬೇಕು ಅಂದುಕೊಂಡೆ, ಅಷ್ಟು ತೆಳ್ಳಗಿತ್ತು. ಬಿಚ್ಚಿದರೆ ಒಳಗೆ ಮಡಚಿಟ್ಟ ಬಟ್ಟೆ. ಬಿಡಿಸಿದೆ. ಎರಡು ಕೈ ಚಾಚುವ ಮೊದಲೇ ಮುಗಿದುಹೋಯಿತು. ಅರ್ಧ ಮೀಟರು.

ಅವ್ವ ಪಕ್ಕದಲ್ಲೇ ಕೂತಿದ್ದಳು. "ಬಂತೇನು? ಕೊಡಿಲ್ಲಿ" ಅಂತ ಕೈ ಚಾಚಿದಳು. ನಾನು ಕೊಡಲಿಲ್ಲ. ಫೋನ್ ತೆಗೆದು ಹುಡುಗಿಗೆ ಬರೆದೆ: ಏನಮ್ಮ ಇದು? ಆರು ವಾರ ಹೇಳಿದ್ದೆನಲ್ಲ?

"ಹೌದಲ್ವಾ ಆಂಟಿ? ಕರೆಕ್ಟಾಗಿ ಆರು ವಾರಕ್ಕೆ ಕಳಿಸಿದ್ದೀವಿ. ನಾನು ನಾಲ್ಕು ವಾರದಲ್ಲೇ ಕೊಡ್ತೀನಿ ಅಂದೆ, ನೀವೇ ಬೇಡ ಆರು ಅಂದ್ರಿ."

"ಬಟ್ಟೆ ಅರ್ಧ ಮೀಟರೇ ಇದೆ."

"ನೀವು ಒಂದು ಯೂನಿಟ್ ಆರ್ಡರ್ ಮಾಡಿದ್ದೀರಾ ಆಂಟಿ. ಒಂದು ಯೂನಿಟ್ ಅಂದ್ರೆ ಅರ್ಧ ಮೀಟರ್. ಪೇಜಲ್ಲಿ ಇದೆ ನೋಡಿ."

ನೋಡಿದೆ. ಇತ್ತು, ಇರುವೆ ಅಕ್ಷರದಲ್ಲಿ. ಮೇಲಕ್ಕೆ ಹೋಗಿ ಹಳೆಯ ಚಾಟನ್ನೆಲ್ಲ ಓದಿದೆ. ಎಷ್ಟು ವಾರ ಇಟ್ಕೊಳ್ಳಲಿ. ಇನ್ನೂ ಐದು ವಾರ ಇದೆ. ನಾಲ್ಕರಲ್ಲೇ ಆಗ್ತಿತ್ತು. ಆ ಹುಡುಗಿಗೆ ವಾರ ಅಂದರೆ ಏಳು ದಿನ, ಅಷ್ಟೆ. ವಾರ ಅಂದರೆ ಬಟ್ಟೆ ಅಂತ ಅವಳು ಹುಟ್ಟಿದಾಗಿನಿಂದ ಕೇಳಿರಲಿಕ್ಕಿಲ್ಲ. ನಾನು ವಾರಕ್ಕೆ ಏಳು ದಿನ ಅಂತ ಕೇಳದವಳೇನಲ್ಲ. ಆದರೆ ಅವತ್ತು ಅವ್ವನ ಪಕ್ಕದಲ್ಲಿ ಕೂತು ಅವ್ವನ ಕನ್ನಡದಲ್ಲಿ ಓದಿಬಿಟ್ಟಿದ್ದೆ. ಯಾರನ್ನು ಬೈಯಲಿ? ಹುಡುಗಿಯದು ತಪ್ಪೇ ಇಲ್ಲ.

ಇನ್ನೂ ಬೇಕು ಅಂದೆ. ಮಗ್ಗದ ಆ ಪಾಳಿ ಮುಗಿಯಿತು, ಮತ್ತೆ ಯಾವಾಗ ಅಂತ ಗೊತ್ತಿಲ್ಲ, ಬಂದಾಗ ತಿಳಿಸುವ ಬಟನ್ ಇದೆ, ಒತ್ತಿಟ್ಟಿರಿ ಅಂದಳು. ಒತ್ತಿದೆ. ಇವತ್ತಿನವರೆಗೆ ಏನೂ ಬಂದಿಲ್ಲ.

ಅವ್ವನಿಗೆ ಹೇಳಲೇಬೇಕಾಯಿತು. ಪೂರ್ತಿ ಹೇಳಿದೆ. ಮೊದಲು ಅವಳಿಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿದೆ. ತಿಳಿದ ಮೇಲೆ ನಗಲು ಶುರುಮಾಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ.

"ಅಂದ್ರ ಆ ಮುದುಕ?"

"ಮುದುಕ ಇಲ್ಲವ್ವ."

ನಗು ನಿಂತಿತು. ಕೈ ಚಾಚಿದಳು, ಬಟ್ಟೆ ಕೊಟ್ಟೆ. ಹೆಬ್ಬೆರಳಿನಿಂದ ಉಜ್ಜಿದಳು, ಕೆನ್ನೆಗೆ ಒತ್ತಿಕೊಂಡಳು, ಅಂಚಿನ ಒಂದು ಎಳೆ ಎಳೆದು ಹಲ್ಲಲ್ಲಿ ಕಚ್ಚಿ ನೋಡಿದಳು. ಅದು ತಪ್ಪು ಬಟ್ಟೆ ಆಗಿದ್ದರೆ ಚೆನ್ನಾಗಿತ್ತು. ನಾನು ಅದನ್ನೇ ಬೇಡಿಕೊಳ್ಳುತ್ತಿದ್ದೆ.

"ಇದ ನೋಡು" ಅಂದಳು. "ಇದ ಬೇಕಾಗಿತ್ತು. ಭಾಳ ಚಲೋ ಬಟ್ಟಿ. ಬಣ್ಣ ಯಾವದು?"

ಆಗ ಗೊತ್ತಾಯಿತು, ಉಂಗುರವೂ ಇಲ್ಲ. ಕಿಟಕಿ ಎಲ್ಲಿದೆ ಅನ್ನುವಷ್ಟು ಬೆಳಕು ಮಾತ್ರ ಉಳಿದಿದೆ.

ಅವತ್ತೇ ಚಾದರ ತೆಗೆದು ಹಾಸಿದೆ. ಮೇಲಿನ ಹಾಸು ಅದರ ಮೇಲೆ ಹರಡಿದೆ. ಸೂಜಿಗೆ ನಾನೇ ದಾರ ಪೋಣಿಸಿ ಅವಳ ಕೈಗೆ ಕೊಟ್ಟೆ. ಕೈಗೆ ಎಲ್ಲ ಗೊತ್ತಿದೆ ಅಂತ ಅವಳು ಯಾವಾಗಲೂ ಹೇಳುತ್ತಿದ್ದಳು. ನಾಲ್ಕು ಹೊಲಿಗೆ ನೆಟ್ಟಗೆ ಹೋದವು. ಐದನೆಯದು ಓರೆಯಾಯಿತು, ಆರನೆಯದು ಬೆರಳಿಗೆ ಹೋಯಿತು. ತಮ್ಮನ ಅಂಗಿಯ ತುಂಡಿನ ಮೇಲೆ ಒಂದು ಚುಕ್ಕೆ ರಕ್ತ. ಅವಳಿಗೆ ಅದು ಕಾಣಲಿಲ್ಲ. ಸೂಜಿಯನ್ನು ನನ್ನ ಕಡೆ ಚಾಚಿ, "ನೀ ಹೊಲಿ, ನಾ ಹೇಳತೀನಿ" ಅಂದಳು.

ಹೊಲಿದೆ. ಜೀವಮಾನದಲ್ಲಿ ಗುಂಡಿ ಬಿಟ್ಟು ಬೇರೇನೂ ಹೊಲಿದವಳಲ್ಲ ನಾನು. ಒಂದು ಸಾಲು ಮುಗಿಸಿ ಅವಳ ಬೆರಳನ್ನು ಅದರ ಮೇಲಿಟ್ಟೆ. ಬೆರಳು ಸಾಲಿನ ಮೇಲೆ ನಿಧಾನ ನಡೆಯಿತು.

"ಇದು ಹೊಲಿಗಿ ಅಲ್ಲವಾ. ಇರಬಿ ಸಾಲು ದಾರಿ ತಪ್ಪೇದ."

"ಬಿಚ್ಚಲೇನು?"

"ಬಿಚ್ಚು."

ಬಿಚ್ಚಿದೆ. ಮತ್ತೆ ಹೊಲಿದೆ, ಮತ್ತೆ ಬಿಚ್ಚು ಅಂದಳು. ನಾಲ್ಕು ದಿನ ಇದೇ ನಡೆಯಿತು. ಐದನೆಯ ದಿನ ನಾನು ಹಾಸು ತಂದು ಹರಡುವಾಗ, "ಇಟ್ಟುಬಿಡು, ಸಾಕು" ಅಂದಳು. ಸಿಟ್ಟಿನಲ್ಲಿ ಅನ್ನಲಿಲ್ಲ. ಸಿಟ್ಟಿದ್ದರೆ ನಾನು ಜಗಳ ಆಡಿ ಕೂರಿಸುತ್ತಿದ್ದೆ.

ಹಾಸು ಮಡಚಿ ಕಪಾಟಿನಲ್ಲಿಟ್ಟಿದ್ದೇನೆ, ಅಪ್ಪನ ಧೋತರದ ತುಂಡು ಮೇಲೆ. ನಡುವಿನ ಹೊಟ್ಟೆ ತೆರೆದೇ ಇದೆ. ಹೊಲಿದುಕೊಡುವವರು ಪುಣೆಯಲ್ಲಿ ಸಿಗುತ್ತಾರೆ, ಅದೂ ಗೊತ್ತು. ಕೇಳಿದ್ದಕ್ಕೆ ಅವ್ವ, "ಅವರ ಕೈಲೆ ಹೊಲಸೂದಿದ್ರ ಬ್ಲಾಂಕೆಟ್ ಏನ ಕಡಿಮಿ ಆಗಿತ್ತು?" ಅಂದಳು. ಅರ್ಧ ಮೀಟರಿನ ಆ ಚಲೋ ಬಟ್ಟೆ ಅವಳ ಮಡಿಲಲ್ಲೇ ಇರುತ್ತದೆ. ಕಣ್ಣಿಗೆ ಹನಿ ಹಾಕಿದಾಗ ಕೆನ್ನೆ ಮೇಲೆ ಇಳಿದದ್ದನ್ನು ಅದರಲ್ಲೇ ಒರೆಸಿಕೊಳ್ಳುತ್ತಾಳೆ. ಹನಿ ಹಾಕಿ ಈಗ ಏನು ಉಪಯೋಗ ಅಂತ ನಾವಿಬ್ಬರೂ ಕೇಳುವುದಿಲ್ಲ.

ಊಟಕ್ಕೆ ಕೂತಾಗ ಒಮ್ಮೊಮ್ಮೆ ರೊಟ್ಟಿಯ ಒಂದು ಚೂರು ಮುರಿದು ತಾಟಿನ ಅಂಚಿಗೆ ಇಡುತ್ತಾಳೆ. ಯಾಕವ್ವ ಅಂದರೆ ಕಪಾಟಿನ ಕಡೆ ಮುಖ ತಿರುಗಿಸುತ್ತಾಳೆ. ದಿಕ್ಕು ಸರಿಯಾಗಿಯೇ ಇರುತ್ತದೆ.

"ಅದಕ್ಕ ಹಸದಿರಬೇಕ."

ಇಷ್ಟೇ. ಇದಕ್ಕೆ ಒಳ್ಳೆಯ ಕೊನೆ ಹುಡುಕಿದೆ, ಇಲ್ಲ. ದಯವಿಟ್ಟು ಕೆಳಗೆ ಯಾವ ಸೊಪ್ಪಿನ ರಸ ಹಿಂಡಬೇಕು, ಯಾವ ಊರಿನ ಡಾಕ್ಟರು ಒಳ್ಳೆಯವರು ಅಂತ ಬರೆಯಬೇಡಿ. ನಿಮಗೆ ಆದದ್ದು ಬರೆಯಿರಿ. ಯಾವ ಮಾತು ನಿಮಗೆ ಹೀಗೆ ಮೋಸ ಮಾಡಿತು, ಎಷ್ಟು ದಿನ ಕಾದಿರಿ, ಕಾಯುತ್ತ ಏನು ಹೋಯಿತು. ನಿಮ್ಮ ಮನೆಯ ಕಪಾಟಿನಲ್ಲೂ ಹೊಟ್ಟೆ ತೆರೆದ ಕೌದಿ ಇದ್ದರೆ ಅದನ್ನೂ ಬರೆಯಿರಿ. ಊಟ ಆದ ಮೇಲೆ ಅವ್ವನಿಗೆ ಒಂದೊಂದೇ ಓದಿ ಹೇಳುತ್ತೇನೆ. ಈಗ ಅವಳಿಗೆ ಕೇಳುವುದಷ್ಟೇ ಕೆಲಸ.